ಮಗಳಿಗೊಂದು ಪತ್ರ: ಎಷ್ಟು ಲೀಟರ್ ತುಂಬ್ಕೊಂಡಿ ಅಷ್ಟ ಹೇಳು

ಪುಟ್ಟಿ,

ನಿನ್ನ ವಾಯ್ಸ್ ನೋಟ್ ನಿನ್ನಿ ರಾತ್ರಿ ಎಂಟೂವರಿಗೆ ಬಂತು, ನಿನಗ ಆಗ ಮುಂಜಾನೆ ಎಂಟು. ಮೂರು ಸಲ ಕೇಳಿದೆ. ಕ್ಯಾಲಿಫೋರ್ನಿಯಾದ ಮೌಂಟ್ ಲಗೂನಾ ಮುಟ್ಟೀನಿ, ಇಲ್ಲೆ ಪೈನ್ ಗಿಡ ಅದಾವ, ರಾತ್ರಿ ಥಂಡಿ ಭಾಳ ಇತ್ತು ಅಂದಿ. ಮರುಭೂಮಿ ಅಂದ್ರ ಬರೇ ಉಸುಕು, ಬಿಸಿಲು ಅಂತ ನಾ ತಿಳ್ಕೊಂಡಿದ್ದೆ, ನೀ ಸುಮಾರು 6,000 ಫೂಟ್ ಮ್ಯಾಲೆ ಅದಿ ಅಂತ ನಿಮ್ಮಪ್ಪ ಮ್ಯಾಪ್‌ನಾಗ ತೋರಿಸಿದಾಗ ಗೊತ್ತಾತು.

ಹೋಗೋ ಮುಂದ ನಾ ನಿನ್ನ ಜೋಡಿ ಸರಿ ಮಾತಾಡ್ಲಿಲ್ಲ, ಅದು ಮನಸ್ಸಿನಾಗ ಚುಚ್ಚಾಕತ್ತೈತಿ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್, ಮೆಕ್ಸಿಕೋ ಬಾರ್ಡರ್‌ದಿಂದ ಕೆನಡಾ ತನಕ 2,650 ಮೈಲು, ಅಂದ್ರ 4,265 ಕಿಲೋಮೀಟರ್ ನಡೀತೀನಿ ಅಂತ ಮಗಳು ಅಂದ್ರ ಯಾವ ತಾಯಿ ತಟ್ಟನೆ ಹೂಂ ಅಂತಾಳ ಹೇಳು. ನಡಿಗಿ ಶುರು ಆಗೋ ಕ್ಯಾಂಪೋದಾಗ ಆ ಕಟ್ಟಿಗಿ ಕಂಬದ ಮುಂದ ನಿಂತ ಫೋಟೋ ಕಳಿಸಿದ್ದೆಲ್ಲ, ನಿನ್ನ ನಗಿ ಆಮ್ಯಾಲೆ ಕಂಡಿತು, ಮೊದಲು ಕಂಡದ್ದು ಬ್ಯಾಗಿನ ಪಟ್ಟಿ ಹೆಗಲಾಗ ಹೂತು ಕುಂತದ್ದು.

ಅದಕ್ಕ ಮರುದಿನ ನಿನ್ನ ಹಳೇ ಕಾಲೇಜ್ ಬ್ಯಾಗಿನಾಗ ಲೀಟರ್ ಬಾಟಲಿ ಆರು ತುಂಬಿ ಇಟ್ಟೆ, ಅದರ ಮ್ಯಾಲೆ ಐದು ಕೆಜಿ ಗೋಧಿ ಹಿಟ್ಟಿನ ಪಾಕೀಟು, ಹೆಗಲಿಗೆ ಹಾಕ್ಕೊಂಡು ಲಿಫ್ಟ್ ಬಿಟ್ಟು ಸೊಸೈಟಿ ಮೆಟ್ಲು ಹತ್ತಿದೆ. ಮೂರನೇ ಮಾಳಗಿಗೆ ಎದಿ ಢವಢವ ಅನ್ನಾಕತ್ತಿತು, ಗ್ವಾಡಿ ಹಿಡ್ಕೊಂಡು ನಿಂತೆ. ಟೆಂಟು ಹಗುರದ್ದು ಸಿಗ್ತೈತಿ, ಹಾಸಿಗಿ ಹಗುರದ್ದು ಸಿಗ್ತೈತಿ, ಹಗುರ ನೀರು ಮಾತ್ರ ಎಲ್ಲೂ ಸಿಗಂಗಿಲ್ಲ. ಭಾರ ಅಂತ ನೀ ಯಾಕ ಕಡಿಮಿ ತುಂಬ್ಕೊಂಡಿ ಅನ್ನೋದು ನನಗ ಆ ಮೆಟ್ಲ ಮ್ಯಾಲೆ ತಿಳೀತು.

ಆದ್ರೂ ಹೇಳ್ತೀನಿ. ಮೊದಲ ದಿನ ಕ್ಯಾಂಪೋದಿಂದ ಲೇಕ್ ಮೊರೆನಾ ತನಕ 20 ಮೈಲು, ನಡುವ ಹೌಸರ್ ಕ್ರೀಕ್ ಒಣಗಿತ್ತು, ಮುಂದ ಏರು ಬಿಸಿಲಾಗ ಹತ್ತಬೇಕಿತ್ತು, ಬಾಟಲಿಯಾಗ ಅರ್ಧ ಲೀಟರ್ ಉಳಿದಿತ್ತು ಅಂತ ನಕ್ಕೋತ ಹೇಳಿದಿ. ನನಗ ನಗು ಬರ್ಲಿಲ್ಲ. ಇಂಡಿ ಕಡೆ ನಮ್ಮೂರಾಗ ಬ್ಯಾಸಿಗಿಯಾಗ ಬಾವಿ ಬತ್ತಿದ್ರ ದೂರದ ತ್ವಾಟದಿಂದ ನೀರು ಹೊರತಿದ್ವಿ, ಭಾರ ಅಂತ ನಾ ಅರ್ಧ ಕೊಡ ತಂದ್ರ ನಿಮ್ಮಜ್ಜಿ ಬಾಗಲಾಗಿಂದನ ತಿರುಗಿ ಕಳಿಸ್ತಿದ್ಲು. ನಮಗ ತಿರುಗಿ ಹೋಗಾಕ ದಾರಿ ಇತ್ತು, ನಿನಗ ಅಲ್ಲೆ ಅದೂ ಇಲ್ಲ.

ಮುಂದ ಸಿಸರ್ಸ್ ಕ್ರಾಸಿಂಗ್ ಬರ್ತೈತೆಲ್ಲ, 77ನೇ ಮೈಲಿಗೆ, ಅಲ್ಲಿಂದ ಬ್ಯಾರೆಲ್ ಸ್ಪ್ರಿಂಗ್ಸ್ ತನಕ 24 ಮೈಲು, ಹತ್ರಹತ್ರ 39 ಕಿಲೋಮೀಟರ್, ಸ್ಯಾನ್ ಫೆಲಿಪೆ ಗುಡ್ಡದಾಗ ನೆರಳಿಲ್ಲ, ಹಳ್ಳ ಇಲ್ಲ, ಝರಿ ಇಲ್ಲ. ನಡುವ ಯಾರೋ ಪುಣ್ಯಾತ್ಮರು ಗುಡ್ಡಕ್ಕ ನೀರಿನ ಕ್ಯಾನ್ ಹೊತ್ತು ತಂದು ಇಡ್ತಾರ ಅಂದಿ, ನಮ್ಮ ಕಡೆ ಅರವಟಿಗಿ ಇಟ್ಟಂಗ, ಇಲ್ಲೆ ಪುಣ್ಯಾದಾಗ ಪಾಣಪೋಯಿ ಇಟ್ಟಂಗ. ಕೇಳಿ ಕಣ್ಣಾಗ ನೀರು ಬಂತು, ಯಾರ ಮಕ್ಕಳಿಗೋ ಅಂತ ಯಾರೋ ಹೊರತಾರ. ಆದ್ರ ಅದನ್ನ ನಂಬಿ ಕಡಿಮಿ ತುಂಬ್ಕೊಬ್ಯಾಡ. ನಿನ್ನ ಮುಂದ ಹೋದೋರು ಕುಡದು ಖಾಲಿ ಆಗಿರಬಹುದು, ಇದ್ರ ದೇವ್ರು ಕೊಟ್ಟಂಗ ಅನ್ಕೊ. ಸಂಜಿಗಿ ಹೊರಡು, ಇಲ್ಲಾ ಕತ್ತಲಿದ್ದಾಗನ ಎದ್ದು ನಡಿ, ಮಧ್ಯಾಹ್ನ ಛತ್ರಿ ಬಿಚ್ಚಿ ಮಲಕೊ. ಬರೇ ನೀರೂ ಗಟಗಟ ಕುಡೀಬ್ಯಾಡ, ಬೆವರಿನ ಜೋಡಿ ಉಪ್ಪು ಹೋಗಿರ್ತೈತಿ, ನಾ ಕಟ್ಟಿಕೊಟ್ಟ ಓಆರ್‌ಎಸ್ ಪಾಕೀಟು ತೆಗಿ, ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಕೊಂಡು ತಿನ್ನು.

ಕಾಲಿನ ಬಗ್ಗೆ ನನಗೂ ಒಂಚೂರು ಗೊತ್ತೈತಿ. ನೀ ಒಂಬತ್ತನೇತ್ತ ಇದ್ದಾಗ ನಾ ಪಂಢರಪುರಕ್ಕ ಹೋಗೋ ಜ್ಞಾನೋಬಾನ ಪಾಲಖಿ ಜೋಡಿ ಪುಣ್ಯಾದಿಂದ ಸಾಸವಡ ತನಕ ನಡದಿದ್ನೆಲ್ಲ, ಹೊಸಾ ಬೂಟು ಹಾಕ್ಕೊಂಡು ಹೋಗಿದ್ದೆ, ದಿವೆ ಘಾಟ್ ಹತ್ತೋದ್ರಾಗ ಎರಡೂ ಹಿಮ್ಮಡಿಗೆ ಬೊಬ್ಬಿ. ದಿಂಡಿಯಾಗಿನ, ಅಂದ್ರ ಜೋಡಿ ನಡಿಯೋರ ಗುಂಪಿನಾಗಿನ, ಒಬ್ಬಾಕಿ ಮುದುಕಿ, ಎಪ್ಪತ್ತು ದಾಟಿದಾಕಿ, ರೋಡಿನ ಬಾಜೂಕ ಕುಂಡ್ರಿಸಿ ನನ್ನ ಸಾಕ್ಸ್ ತಾನ ಎಳದು ತೆಗದ್ಲು, ಪಾದ ತನ್ನ ತೊಡಿ ಮ್ಯಾಲೆ ಇಟ್ಕೊಂಡು ಸೆರಗಿಲೆ ಗಾಳಿ ಹಾಕಿದ್ಲು. ಉರಿ ಅನಿಸಿದ ಕೂಡ್ಲೆ ನಿಲ್ಲಬೇಕಿತ್ತು ಅಂದ್ಲು, ಬೊಬ್ಬಿ ಎದ್ದಮ್ಯಾಲೆ ಅಲ್ಲ. ನೀನೂ ಕುಂತಾಗೊಮ್ಮೆ ಬೂಟು ಸಾಕ್ಸ್ ತೆಗದು ಕಾಲಿಗೆ ಗಾಳಿ ಆಡಿಸು, ಉರಿ ಇದ್ದಲ್ಲೆ ಟೇಪ್ ಹಚ್ಚು. ದಿನಾ 50 ಮಂದಿಗೆ ಪರ್ಮಿಟ್ ಕೊಡ್ತಾರ ಅಂದಿದ್ದೆಲ್ಲ, ಹಿಂದ ಹೊಂಟೋರು ನಿನ್ನ ದಾಟಿ ಹೋದ್ರ ಹೋಗ್ಲಿ ಬಿಡು, ಮೊದಲ ವಾರ ಕಾಲು ಕಲಿಯೋ ವಾರ.

ನಿಮ್ಮಪ್ಪ ಗ್ವಾಡಿಗೆ ಮ್ಯಾಪ್ ಹಚ್ಚ್ಯಾರ, ನೀ ಮುಟ್ಟಿದ ಊರಿಗೆಲ್ಲ ಕುಂಕುಮದ ಬೊಟ್ಟು ನಾ ಇಡಾಕತ್ತೀನಿ. ಲಗೂನಾಕ್ಕ ಇಟ್ಟಾತು.

ಸಿಸರ್ಸ್ ಕ್ರಾಸಿಂಗ್‌ನಾಗ ರೇಂಜ್ ಸಿಕ್ರ ಭಾಳ ಏನೂ ಬರೀಬ್ಯಾಡ, ಎಷ್ಟು ಲೀಟರ್ ತುಂಬ್ಕೊಂಡಿ ಅಷ್ಟ ಬರಿ. ರಾತ್ರಿ ಎಂಟೂವರಿಗೆ ಫೋನ್ ಕೈಯಾಗ ಹಿಡ್ಕೊಂಡ ಕುಂತಿರ್ತೀನಿ.

ನಿನ್ನ ಅವ್ವ
ಚಿಂಚವಡ, ಪುಣೆ