52 ವಾರ ಜೊತೆಗಿದ್ದವರಿಗೆ

ವಿವೇಕ, ನ್ಯಾಯ, ಧೈರ್ಯ, ಸಂಯಮ. ಗ್ರೀಕರು ಎತ್ತಿ ಹೇಳಿದ ಈ ನಾಲ್ಕು ಗುಣಗಳನ್ನು ಒಂದೊಂದಕ್ಕೆ 13 ವಾರದಂತೆ ರೂಢಿಸಿಕೊಳ್ಳುವ ನಮ್ಮ ವರ್ಷ ಈ ಭಾನುವಾರ ಮುಗಿಯಿತು. ದಿನದ ತಪ್ಪು ಗುರುತಿಸುವ ಹಾಳೆಯನ್ನು ಕೊನೆತನಕ ತುಂಬಿದವರಿಗೂ, ನಡುವೆ ಕೈಬಿಟ್ಟು ಯಾಕೆಂದು ಬರೆದು ತಿಳಿಸಿದವರಿಗೂ ಧನ್ಯವಾದ. ನಿಜ ಹೇಳಬೇಕೆಂದರೆ ಎರಡನೆಯವರಿಂದ ಕಲಿತದ್ದೇ ಹೆಚ್ಚು.

ಹಾಳೆಯ ಋಣ 18ನೇ ಶತಮಾನದ ಅಮೆರಿಕನ್ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ರದು: ದಿನಕ್ಕೊಂದರಂತೆ 7 ಕಾಲಂ, ಅವರು ಪಟ್ಟಿ ಮಾಡಿಕೊಂಡ ಗುಣಕ್ಕೊಂದರಂತೆ 13 ಸಾಲು, ತಪ್ಪಿದಲ್ಲಿ ಕಪ್ಪು ಚುಕ್ಕೆ. ನಾವು ಸಾಲುಗಳಲ್ಲಿ ಗುಣದ ಬದಲು ಕೆಲಸ ಬರೆದೆವು. ‘ಸಂಯಮದಿಂದಿರುವೆ’ ಎಂದರೆ ರಾತ್ರಿ ಯಾವುದಕ್ಕೆ ಚುಕ್ಕೆ ಇಡುವುದು? ‘ಸಿಟ್ಟು ಬರಿಸಿದ ಮೆಸೇಜಿಗೆ 10 ನಿಮಿಷ ಉತ್ತರ ಕಳಿಸೆನು’ ಎಂಬುದಕ್ಕೆ ಇಡಬಹುದು. ಉತ್ತರವನ್ನು ಬೇರೆ ಕಡೆ ಟೈಪ್ ಮಾಡಿ, ಫೋನ್ ಬೋರಲು ಹಾಕಿ, ಆಮೇಲೆ ಗಟ್ಟಿಯಾಗಿ ಓದಿ ಎಂದು ಸೂಚಿಸಿದವರಿಗೆ ವಿಶೇಷ ವಂದನೆ. ಕಿವಿಗೆ ಬಿದ್ದಾಗಲೇ ಒರಟು ಪದ ಗೊತ್ತಾಗುವುದು.

ಧೈರ್ಯದ ವಾರಗಳಲ್ಲಿ ಎಲ್ಲರಿಗೂ ಒಂದೇ ಕೆಲಸ ಕೊಟ್ಟದ್ದು ನಮ್ಮ ತಪ್ಪು. ಡೊಂಕು ಮರವನ್ನು ನೇರ ಮಾಡುವವರು ಅದನ್ನು ಎದುರು ಬದಿಗೆ ಬಗ್ಗಿಸುತ್ತಾರೆ ಎಂದು ಅರಿಸ್ಟಾಟಲ್ ಹೇಳಿದ್ದನ್ನು ನೆನಪಿಸಿ ಜಗಳ ತೆಗೆದವರೇ ನಮ್ಮನ್ನು ತಿದ್ದಿದರು. ಬಾಯಿ ಬಿಡಲು ಅಂಜುವವರು ಸಭೆಗೊಂದು ಪ್ರಶ್ನೆ ಕೇಳಬೇಕು. ಎಲ್ಲದಕ್ಕೂ ಮುನ್ನುಗ್ಗುವವರು ಮೂವರು ಮಾತಾಡುವವರೆಗೆ ಕಾಯಬೇಕು. ಇಬ್ಬರದೂ ಧೈರ್ಯದ ಅಭ್ಯಾಸವೇ.

ಇನ್ನೊಂದು ಪೆಟ್ಟು ಬಿದ್ದದ್ದು ಸತತ ದಿನಗಳ ಲೆಕ್ಕದಿಂದ. 40 ದಿನ ಚುಕ್ಕೆಯಿಲ್ಲದ ಹಾಳೆಗೆ 41ನೇ ದಿನ ಚುಕ್ಕೆ ಇಡಲು ಕೈ ಬರುವುದಿಲ್ಲ. ಸುಳ್ಳು ಅಲ್ಲಿಂದಲೇ ಶುರು. ಪ್ರಾಚೀನ ಗ್ರೀಕ್ ತತ್ವಜ್ಞಾನಿ ಎಪಿಕ್ಟೀಟಸ್‌ನ ಲೆಕ್ಕ ಬೇರೆ: ಮೊದಲು ದಿನವೂ ಸಿಟ್ಟು, ಬಳಿಕ ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ. ಎರಡು ಚುಕ್ಕೆಗಳ ನಡುವಿನ ಅಂತರ ಅಳೆಯತೊಡಗಿದ ಮೇಲೆ ಒಂದು ತಪ್ಪಿಗೆ ಎಲ್ಲವೂ ಸೊನ್ನೆಯಾಗಲಿಲ್ಲ.

ನ್ಯಾಯದ ಹಾಳೆಗಳೇ ಚುಕ್ಕೆಯಿಲ್ಲದೆ ತೀರಾ ಖಾಲಿ. ತಾನೇ ಆರೋಪಿ, ತಾನೇ ನ್ಯಾಯಾಧೀಶ ಆದಾಗ ಹಾಗೇ. ಮುಂದಿನ ಸುತ್ತಿಗೆ ಎರಡೇ ಸಾಲು ಇಟ್ಟಿದ್ದೇವೆ: ಕಡ ತಂದದ್ದನ್ನು ಹೇಳಿದ ದಿನ ಹಿಂದಿರುಗಿಸಿದೆನೇ? ಇನ್ನೊಬ್ಬರ ಕೆಲಸಕ್ಕೆ ಅವರ ಹೆಸರು ಹೇಳಿದೆನೇ?

ಕಡೆಯದಾಗಿ ಮನೆಯವರಿಗೆ. ಪ್ರಾಚೀನ ರೋಮಿನ ತತ್ವಜ್ಞಾನಿ ಸೆನೆಕಾ ರಾತ್ರಿ ದೀಪ ಸರಿಸಿದ ಮೇಲೆ ಇಡೀ ದಿನವನ್ನು ತನಿಖೆಗೆ ಎಳೆಯುತ್ತಿದ್ದ. ಆ ರೂಢಿ ಬಲ್ಲ ಹೆಂಡತಿ ಸುಮ್ಮನಿರುತ್ತಿದ್ದಳು. ನಿಮ್ಮ ಮನೆಗಳಲ್ಲಿ ಹಾಳೆ ತುಂಬುವ ಆ ಐದು ನಿಮಿಷ ಟಿವಿ ಸದ್ದು ತಗ್ಗಿಸಿದವರಿಗೆ, ಹಾಳೆಯನ್ನು ಕದ್ದು ಓದದವರಿಗೆ ನಮ್ಮ ನಮಸ್ಕಾರ ತಲುಪಿಸಿ.