ಸ್ಕ್ಯಾನ್‌ಗೆ ಮೊದಲು ಕರಾರು ನೋಡಿ

ಮಾನ್ಯರೇ,

ಪುಸ್ತಕಗಳ ವಾಣಿಜ್ಯ ಡಿಜಿಟಲೀಕರಣವೆಂದರೆ ನಮ್ಮ ಪ್ರಕಾಶಕರಿಗೆ ಒಂದೋ ಭಯ, ಇಲ್ಲವೇ ಉದಾಸೀನ. ಗ್ರಂಥಾಲಯದ ಪುಸ್ತಕಗಳನ್ನು ಅನುಮತಿಯಿಲ್ಲದೆ ಸ್ಕ್ಯಾನ್ ಮಾಡುತ್ತಿದೆ ಎಂದು ಗೂಗಲ್ ವಿರುದ್ಧ 2005ರಲ್ಲಿ ದಾವೆ ಹೂಡಿದ್ದ ಅಮೆರಿಕದ ಪ್ರಕಾಶಕರು 2012ರಲ್ಲಿ ರಾಜಿಯಾದರು. ಲೇಖಕರು 2016ರವರೆಗೆ ಹೋರಾಡಿ ಸೋತರು. ಆದರೆ ಕೋರ್ಟು ಒಪ್ಪಿದ್ದು ಹುಡುಕಾಟ ಮತ್ತು ತುಣುಕು ತೋರಿಸುವುದನ್ನು, ಇಡೀ ಪುಸ್ತಕ ಮಾರುವುದನ್ನಲ್ಲ.

ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ. ಹಕ್ಕು ವರ್ಗಾವಣೆಯ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಹಳೆಯ ಕರಾರು ನಂಬಿ ಇ-ಪುಸ್ತಕಕ್ಕೆ ಸಹಿ ಹಾಕುವವರು ಇದನ್ನು ನೋಡುವುದೇ ಇಲ್ಲ!

ಕೊಡಗಿನ ಮಳೆಗೆ ಬೂಷ್ಟು ಹಿಡಿದ ಪ್ರತಿಗಳನ್ನು ನೆರಳಲ್ಲಿ ಒಣಗಿಸಿ, 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಸಬೇಕು. ಬೂಷ್ಟಿನ ಕಲೆಯ ಮೇಲಿನ ಒತ್ತಕ್ಷರವನ್ನು ಅಕ್ಷರ ಗುರುತಿಸುವ ಯಂತ್ರ ತಪ್ಪಾಗಿ ಓದಿದರೆ ಪುಸ್ತಕ ಹುಡುಕಾಟಕ್ಕೇ ಸಿಗದು. ಸ್ಕ್ಯಾನಿನ ಮೂಲ ಚಿತ್ರಗಳಿರುವ ಟಿಫ್ ಕಡತಗಳನ್ನು ಪ್ರಕಾಶಕರೇ ಇಟ್ಟುಕೊಳ್ಳಲಿ.

– ಪುಸ್ತಕ ವ್ಯಾಪಾರಿಗಳು, ಮಡಿಕೇರಿ