ಒಂದೇ ರಾಜ್ಯದ ನೋಂದಣಿಯಲ್ಲಿ ಎರಡು ರಾಜ್ಯದ ಸ್ನೋಮೊಬೈಲ್ ಪ್ರವಾಸ ಮಾರಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ವಿಭಾಗ, ನ್ಯೂಜೆರ್ಸಿ ಕಚೇರಿ

ವಿಷಯ: ಮೇನ್ ರಾಜ್ಯದ ನೋಂದಣಿ ಇಲ್ಲದ ಸ್ಲೆಡ್ ಕೊಟ್ಟಿದ್ದು, ದಂಡ ಮತ್ತು ಹಣ ವಾಪಸಾತಿ

ಮಾನ್ಯರೇ,

ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯಲ್ಲಿ ನೀವು ನಡೆಸಿದ ಸ್ನೋಮೊಬೈಲ್ (ಹಿಮದ ಮೇಲೆ ಓಡಿಸುವ ಮೋಟಾರು ಗಾಡಿ, ಸ್ಲೆಡ್ ಅಂತಲೂ ಕರೆಯುತ್ತಾರೆ) ಪ್ರವಾಸಕ್ಕೆ ನಮ್ಮ ಕುಟುಂಬದ ಪರವಾಗಿ ದುಡ್ಡು ಕಟ್ಟಿದವನು ನಾನು. ಅಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದೆ. ಜವಾಬ್ದಾರಿ ಗ್ರಾಹಕರದ್ದೇ ಎಂದು ನಿಮ್ಮ ಕಚೇರಿಯವರು ಕೊಟ್ಟ ಉತ್ತರವನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ. ನಿಮ್ಮ ಜಾಹೀರಾತು ಕನ್ನಡದಲ್ಲಿತ್ತು, ಬುಕಿಂಗ್ ಮಾತುಕತೆಯೂ ಕನ್ನಡದಲ್ಲೇ ಆಯಿತು. ದೂರನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲ ದಿನ ನ್ಯೂ ಹ್ಯಾಂಪ್‌ಶೈರ್‌ನ ಎರಾಲ್ ಸುತ್ತಮುತ್ತ ಸವಾರಿ. ಎರಡನೇ ದಿನ ಟ್ರೇಲ್ (ಸ್ಲೆಡ್ ಓಡಿಸುವ ಹಿಮದ ದಾರಿ) ಹಿಡಿದು ರಾಜ್ಯದ ಗಡಿ ದಾಟಿ ಮೇನ್‌ನ ರೇಂಜ್ಲಿಗೆ ಹೋಗಿ ರಾತ್ರಿ ಅಲ್ಲೇ ಉಳಿಯುವುದು. ನೀವು ಮಾರಿದ ಪ್ರವಾಸ ಇದು. ‘ಸ್ಲೆಡ್ ಬಾಡಿಗೆ, ಹೆಲ್ಮೆಟ್, ನೋಂದಣಿ, ಟ್ರೇಲ್ ಶುಲ್ಕ ಎಲ್ಲಾ ಸೇರಿ’ ಎಂದು ರಸೀದಿಯಲ್ಲೇ ಬರೆದಿದ್ದೀರಿ. ನಾವು ಬೇರೆ ಕಂಪನಿ ಬಿಟ್ಟು ನಿಮ್ಮ ಹತ್ತಿರ ಬಂದದ್ದು ಆ ಒಂದು ಸಾಲಿಗಾಗಿ. ದಾವಣಗೆರೆಯಿಂದ ಬಂದಿದ್ದ ಅತ್ತೆ ಮಾವ ಜೊತೆಗಿದ್ದರು, ಚಿಕ್ಕ ಮಕ್ಕಳಿದ್ದರು. ಕಾಗದಪತ್ರದ ತಲೆನೋವು ಇರಬಾರದು ಅಂತ ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ ಎಂದು ಒಪ್ಪಿಕೊಂಡೆವು.

ಎರಡನೇ ದಿನ ಬೆಳಗ್ಗೆ ಅತ್ತೆ ಮಾವ ಮತ್ತು ಮಕ್ಕಳು ನಿಮ್ಮ ವ್ಯಾನಿನಲ್ಲಿ ರೇಂಜ್ಲಿ ಕಡೆ ಹೊರಟರು. ನಾನು, ಹೆಂಡತಿ, ನಾದಿನಿ ಮತ್ತು ನನ್ನ ಷಡ್ಡಕ ಎರಡು ಸ್ಲೆಡ್‌ಗಳಲ್ಲಿ ನಿಮ್ಮ ಗೈಡ್ ಹಿಂದೆ ಹೊರಟೆವು. ಗಡಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಟ್ರೇಲ್ ರಸ್ತೆಯನ್ನು ದಾಟುವ ಜಾಗದಲ್ಲಿ ಮೇನ್‌ನ ವಾರ್ಡನ್ (ಇಂಥ ನಿಯಮ ಜಾರಿ ಮಾಡುವ ಸರ್ಕಾರಿ ಅಧಿಕಾರಿ) ಒಬ್ಬರು ನಿಲ್ಲಿಸಿದರು. ಸ್ಲೆಡ್‌ಗಳ ಮೇಲಿದ್ದದ್ದು ನ್ಯೂ ಹ್ಯಾಂಪ್‌ಶೈರ್ ನೋಂದಣಿಯ ಸ್ಟಿಕ್ಕರ್ ಮಾತ್ರ. ಮೇನ್ ನೋಂದಣಿ ಎಲ್ಲಿ ಅಂತ ಕೇಳಿದರು. ನಾನು ಗೈಡ್ ಮುಖ ನೋಡಿದೆ. ಎರಡೂ ರಾಜ್ಯಗಳ ನಡುವೆ ಒಪ್ಪಂದ ಇದೆ, ಒಂದು ಸ್ಟಿಕ್ಕರ್ ಸಾಕು ಎಂದು ಗೈಡ್ ವಾದಿಸಿದರು. ವಾರ್ಡನ್ ತಾಳ್ಮೆಯಿಂದಲೇ ವಿವರಿಸಿದರು. ಆ ರಿಯಾಯಿತಿ ಇರುವುದು ಚಳಿಗಾಲದಲ್ಲಿ ಒಂದು ವಾರಾಂತ್ಯಕ್ಕೆ, ಮೂರು ದಿನಕ್ಕೆ ಮಾತ್ರ. ಆ ವಾರಾಂತ್ಯ ಆಗಲೇ ಮುಗಿದಿತ್ತು. ಸ್ಲೆಡ್ ಓಡಿಸುತ್ತಿದ್ದ ನನಗೂ ಷಡ್ಡಕನಿಗೂ ದಂಡದ ಚೀಟಿ ಬಂತು. ಚೀಟಿ ನಮ್ಮ ಹೆಸರಿನಲ್ಲಿದೆ. ನಿಮ್ಮ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಅಲ್ಲಿಂದ ಎರಾಲ್‌ಗೆ ವಾಪಸ್ ಬಂದೆವು. ವ್ಯಾನ್ ಅಷ್ಟೊತ್ತಿಗೆ ರೇಂಜ್ಲಿ ಸೇರಿತ್ತು. ಆ ಕಾಡಿನ ದಾರಿಯಲ್ಲಿ ಫೋನ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸ್ಲೆಡ್ ಒಪ್ಪಿಸಿ, ಬಾಡಿಗೆ ಕಚೇರಿಯವರ ಜೊತೆ ಮಾತಾಡಿ, ನಮ್ಮ ಕಾರು ತೆಗೆದುಕೊಂಡು ರೇಂಜ್ಲಿ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಇಂಗ್ಲಿಷ್ ಸರಿಯಾಗಿ ಬಾರದ ಇಬ್ಬರು ಹಿರಿಯರು, ನಮಗೆ ಏನಾಗಿದೆ ಅಂತಲೇ ಗೊತ್ತಿಲ್ಲದೆ, ಎರಡು ಮಕ್ಕಳನ್ನು ಹಿಡಿದುಕೊಂಡು ಲಾಡ್ಜ್‌ನಲ್ಲಿ ಕಾಯುತ್ತಾ ಕೂತಿದ್ದರು. ಅತ್ತೆಯ ಬಿಪಿ ಮಾತ್ರೆ ನನ್ನ ಹೆಂಡತಿಯ ಬ್ಯಾಗಿನಲ್ಲಿತ್ತು. ದುಡ್ಡಿಗಿಂತ ಹೆಚ್ಚಾಗಿ ನನಗೆ ಕೋಪ ತರಿಸಿದ್ದು ಇದು.

ಕಾರಿನಲ್ಲಿ ನಾವು ಹೋದದ್ದು 16ನೇ ನಂಬರ್ ರಸ್ತೆಯಲ್ಲಿ. ಗಡಿ ದಾಟಿದರೂ ಆ ರಸ್ತೆಯ ನಂಬರ್ ಬದಲಾಗುವುದಿಲ್ಲ. ನ್ಯೂಜೆರ್ಸಿ ಪ್ಲೇಟ್ ಇರುವ ಕಾರನ್ನು ಯಾರೂ ತಡೆಯುವುದಿಲ್ಲ, ಒಂದು ರಾಜ್ಯದ ಪ್ಲೇಟ್ ಅಮೆರಿಕದ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ. ಸ್ನೋಮೊಬೈಲ್ ಕೂಡ ಹಾಗೇ ಅಂತ ಸಾಮಾನ್ಯ ಗ್ರಾಹಕರು ನಂಬಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ಅದು ಹಾಗಲ್ಲ ಎಂದು ತಿಳಿದಿರಬೇಕಾದವರು ಈ ಪ್ರವಾಸ ಮಾರುವ ನೀವು, ಅಲ್ವಾ?

ಪ್ರತಿ ರಾಜ್ಯವೂ ತನ್ನದೇ ನಿಯಮ ಇಟ್ಟುಕೊಂಡಿದೆ. ಮೇನ್‌ನಲ್ಲಿ ಹೊರಗಿನವರ ಸ್ಲೆಡ್‌ಗೂ ಮೇನ್ ನೋಂದಣಿಯೇ ಬೇಕು. ಪೂರ್ತಿ ಸೀಸನ್‌ಗೆ ಬೇಡದಿದ್ದರೆ ಮೂರು ದಿನಕ್ಕೆ ಅಥವಾ ಹತ್ತು ದಿನಕ್ಕೆ ಮಾಡಿಸಬಹುದು. ನಮ್ಮ ಪ್ರವಾಸಕ್ಕೆ ಮೂರು ದಿನದ ನೋಂದಣಿ ಧಾರಾಳವಾಗಿ ಸಾಕಿತ್ತು. ನ್ಯೂ ಹ್ಯಾಂಪ್‌ಶೈರ್ ಕೂಡ ಹೊರ ರಾಜ್ಯದ ನೋಂದಣಿಯನ್ನು ಒಪ್ಪುವುದಿಲ್ಲ. ಅಲ್ಲಿನ ಸ್ನೋಮೊಬೈಲ್ ಕ್ಲಬ್ಬಿಗೆ ಸೇರಿದವರಿಗೆ ಶುಲ್ಕದಲ್ಲಿ 30 ಡಾಲರ್ ಕಡಿಮೆಯಾಗುತ್ತದೆ, ಅಷ್ಟೇ.

ಈ ನಿಯಮ ಸುಮ್ನೆ ಮಾಡಿದ್ದಲ್ಲ. ಆ ಟ್ರೇಲ್‌ಗಳು ಸರ್ಕಾರಿ ಹೆದ್ದಾರಿಗಳಲ್ಲ. ಮೇನ್‌ನಲ್ಲಿ ಸುಮಾರು 14,000 ಮೈಲಿ ಟ್ರೇಲ್ ಇದೆ, ಬಹುಪಾಲು ಖಾಸಗಿ ಜಮೀನಿನ ಮೇಲೆ. ಮರದ ಕಂಪನಿಗಳ ಕಾಡು, ರೈತರ ಹೊಲ, ಯಾರದೋ ಮನೆಯ ಹಿತ್ತಲು. ಜಮೀನಿನವರು ಒಪ್ಪಿಗೆ ಕೊಟ್ಟರೆ ಟ್ರೇಲ್, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಊರೂರಿನ ಕ್ಲಬ್ಬಿನವರು ರಾತ್ರಿಯೆಲ್ಲಾ ಗ್ರೂಮರ್ ಓಡಿಸಿ ಹಿಮವನ್ನು ಸಮ ಮಾಡುತ್ತಾರೆ, ಬೋರ್ಡ್ ನೆಡುತ್ತಾರೆ, ಹಳ್ಳಕ್ಕೆ ಸೇತುವೆ ಹಾಕುತ್ತಾರೆ. ಅವರಲ್ಲಿ ಹೆಚ್ಚಿನವರು ಸಂಬಳ ಇಲ್ಲದೆ ದುಡಿಯುವವರು. ನೋಂದಣಿಯ ದುಡ್ಡಿನಲ್ಲಿ ಒಂದು ಪಾಲು ಅವರ ಡೀಸೆಲ್‌ಗೆ, ರಿಪೇರಿಗೆ ಹೋಗುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕಟ್ಟಿದ ದುಡ್ಡು ಮೇನ್‌ನ ಗ್ರೂಮರ್‌ಗೆ ತಲುಪುವುದಿಲ್ಲ. ಅಂದರೆ ನೀವು ನಮ್ಮಿಂದ ಟ್ರೇಲ್ ಶುಲ್ಕ ಅಂತ ತೆಗೆದುಕೊಂಡದ್ದು ಮೇನ್‌ನಲ್ಲಿ ಸಲ್ಲಬೇಕಾದವರಿಗೆ ಸಲ್ಲಲೇ ಇಲ್ಲ. ಅವರು ಸಿದ್ಧ ಮಾಡಿಟ್ಟ ಹಿಮದ ಮೇಲೆ ಬಿಟ್ಟಿಯಾಗಿ ಓಡಿಸಲು ನಮ್ಮನ್ನು ಕಳಿಸಿದಿರಿ. ಇದು ನನಗೆ ನಿಜಕ್ಕೂ ನೋವು ತಂದಿದೆ.

ಇನ್ನು ನಿಮ್ಮ ಕಚೇರಿಯ ಉತ್ತರಕ್ಕೆ ಬರುತ್ತೇನೆ. ‘ಸ್ಥಳೀಯ ನಿಯಮ ಪಾಲಿಸುವುದು ಗ್ರಾಹಕರ ಜವಾಬ್ದಾರಿ’ ಎಂದು ಷರತ್ತಿನಲ್ಲಿದೆಯಂತೆ. ವೇಗ ಮಿತಿ ಮೀರಿದ್ದರೆ, ಕುಡಿದು ಓಡಿಸಿದ್ದರೆ ಆ ಮಾತು ಸರಿ. ನೋಂದಣಿ ಹಾಗಲ್ಲ. ಅದನ್ನು ಮಾಡಿಸಬೇಕಾದವರು ಸ್ಲೆಡ್‌ನ ಮಾಲೀಕರು. ಸ್ಲೆಡ್ ನಮ್ಮದಲ್ಲ, ಅದರ ಕಾಗದ ನಮ್ಮ ಕೈಯಲ್ಲಿ ಇರಲಿಲ್ಲ. ನಿಯಮ ಮೊದಲೇ ಗೊತ್ತಿದ್ದರೂ ನಮ್ಮ ಹೆಸರಿನಲ್ಲಿ ನಾವು ಅದನ್ನು ಮಾಡಿಸುವುದು ಹೇಗೆ? ಬೆಂಗಳೂರಿನಿಂದ ಊಟಿಗೆ ಹಳದಿ ಬೋರ್ಡ್ ಗಾಡಿ ಮಾಡಿಕೊಂಡು ಹೋದರೆ ತಮಿಳುನಾಡಿನ ಪರ್ಮಿಟ್ ತೆಗೆಸುವುದು ಟ್ರಾವೆಲ್ಸ್‌ನವರು. ಆ ದುಡ್ಡನ್ನು ನಮ್ಮಿಂದ ತೆಗೆದುಕೊಳ್ಳುತ್ತಾರೆ, ಆದರೆ ಚೆಕ್‌ಪೋಸ್ಟ್‌ನಲ್ಲಿ ಇಳಿದು ಹೋಗಿ ನೀವೇ ಪರ್ಮಿಟ್ ಮಾಡಿಸಿಕೊಂಡು ಬನ್ನಿ ಅಂತ ಹಿಂದೆ ಕೂತ ಪ್ರಯಾಣಿಕರಿಗೆ ಯಾರೂ ಹೇಳುವುದಿಲ್ಲ. ನೀವು ಮಾತ್ರ ದುಡ್ಡು ತೆಗೆದುಕೊಂಡು, ಕೆಲಸ ಮಾಡದೆ, ಹೊಣೆಯನ್ನು ನಮ್ಮ ತಲೆಗೆ ಕಟ್ಟುತ್ತಿದ್ದೀರಿ.

ಕಚೇರಿಯವರು ಇನ್ನೊಂದು ಮಾತು ಹೇಳಿದರು. ಮಿಷಿಗನ್ ಮತ್ತು ವಿಸ್ಕಾನ್ಸಿನ್ ಪ್ರವಾಸಗಳಲ್ಲಿ ಒಂದೇ ನೋಂದಣಿಯಲ್ಲಿ ಗಡಿ ದಾಟುತ್ತೇವೆ, ಯಾವತ್ತೂ ತೊಂದರೆ ಆಗಿಲ್ಲ ಎಂದು. ಮಿಷಿಗನ್ ಬೇರೆ ರಾಜ್ಯದ ಚಾಲ್ತಿ ನೋಂದಣಿಯನ್ನು ಒಪ್ಪುತ್ತದೆ, ನಿಜ. ಆದರೆ ಅಲ್ಲಿ ಪ್ರತಿ ಸ್ಲೆಡ್‌ಗೂ ವರ್ಷದ ಟ್ರೇಲ್ ಪರ್ಮಿಟ್ ಬೇರೆಯಾಗಿ ಬೇಕು. ವಿಸ್ಕಾನ್ಸಿನ್‌ನಲ್ಲೂ ಹೊರಗಿನವರು ಟ್ರೇಲ್ ಪಾಸ್ ಅಂಟಿಸಿಕೊಳ್ಳಲೇಬೇಕು. ಅಲ್ಲಿನ ಪದ್ಧತಿಯನ್ನು ಮೇನ್, ನ್ಯೂ ಹ್ಯಾಂಪ್‌ಶೈರ್ ಇರುವ ನ್ಯೂ ಇಂಗ್ಲೆಂಡ್‌ಗೆ ಹಾಗೇ ತಂದದ್ದೇ ತಪ್ಪು. ಅಲ್ಲಿಯ ನಿಮ್ಮ ಸ್ಲೆಡ್‌ಗಳಿಗೆ ಪರ್ಮಿಟ್, ಪಾಸ್ ಎರಡೂ ಇವೆಯಾ ಎಂದು ದಯವಿಟ್ಟು ಒಮ್ಮೆ ನೋಡಿ.

ಮುಂದಿನ ಚಳಿಗಾಲಕ್ಕೆ ನೀವು ಹಾಕಿರುವ ಜಾಹೀರಾತು ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೂ ಬಂದಿದೆ. ನ್ಯೂಯಾರ್ಕ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ನಾಲ್ಕು ರಾಜ್ಯ, ಒಂದೇ ಸ್ಲೆಡ್. ಅದನ್ನು ಓದಿ ಗಾಬರಿಯಾಯಿತು. ನ್ಯೂಯಾರ್ಕ್ ಹೊರ ರಾಜ್ಯದ ನೋಂದಣಿ ಒಪ್ಪುವುದಿಲ್ಲ. ಅಲ್ಲೇ ಹೊಸದಾಗಿ ಮಾಡಿಸಬೇಕು. ಕ್ಲಬ್ ಸದಸ್ಯರಲ್ಲದವರಿಗೆ 100 ಡಾಲರ್, ಸದಸ್ಯರಿಗೆ 45. ಜೊತೆಗೆ ಸ್ಲೆಡ್‌ಗೆ ವಿಮೆ ಇರಬೇಕು. ವರ್ಮಾಂಟ್‌ನಲ್ಲಿ ಬೇರೆ ರಾಜ್ಯದ ನೋಂದಣಿ ನಡೆಯುತ್ತದೆ, ಆದರೆ ಅಲ್ಲಿನ ಟ್ರೇಲ್‌ಗಳನ್ನು ನೋಡಿಕೊಳ್ಳುವುದು 1967ರಲ್ಲಿ ಶುರುವಾದ ವಾಸ್ಟ್ ಎಂಬ ಸವಾರರ ಸಂಘ. ಅವರ ಟಿಎಂಎ ಎಂಬ ಟ್ರೇಲ್ ಪಾಸ್ ಬೇಕು, ವಿಮೆಯೂ ಬೇಕು. ಉಳಿದೆರಡು ರಾಜ್ಯದ ಕಥೆ ಮೇಲೆ ಬರೆದಿದ್ದೇನೆ. ನಿಮ್ಮ ಜಾಹೀರಾತಿನಲ್ಲಿ ಇದಾವುದರ ಸುಳಿವೂ ಇಲ್ಲ. ಮತ್ತೆ ‘ನೋಂದಣಿ ಎಲ್ಲಾ ಸೇರಿ’ ಅನ್ನುವ ಅದೇ ಸಾಲು ಇದೆ. ನಮ್ಮ ಹಾಗೇ ಊರಿಂದ ಬಂದ ಅಪ್ಪ ಅಮ್ಮನಿಗೆ ಹಿಮ ತೋರಿಸಬೇಕು ಅಂತ ಆಸೆಯಿಂದ ಬುಕ್ ಮಾಡುವವರು ಇದನ್ನು ನಂಬುತ್ತಾರೆ.

ಇವಿಷ್ಟು ನನ್ನ ಬೇಡಿಕೆ. ನಮ್ಮಿಬ್ಬರ ದಂಡದ ಪೂರ್ತಿ ಮೊತ್ತ ನೀವು ಕೊಡಬೇಕು. ಎರಡನೇ ದಿನದ ಸ್ಲೆಡ್ ಬಾಡಿಗೆ, ಗೈಡ್ ಶುಲ್ಕ ಮತ್ತು ನೋಂದಣಿ ಹೆಸರಿನಲ್ಲಿ ತೆಗೆದುಕೊಂಡ ಹಣ ವಾಪಸ್ ಮಾಡಬೇಕು. ‘ಮುಂದಿನ ಪ್ರವಾಸದಲ್ಲಿ ರಿಯಾಯಿತಿ’ ಎಂದು ನಿಮ್ಮವರು ಹೇಳಿದ್ದು ನಮಗೆ ಬೇಡ. ನಮ್ಮ ಜೊತೆ ಬಂದಿದ್ದ ಬೇರೆ ಕುಟುಂಬಗಳಿಗೂ ಇದೇ ರೀತಿ ಹಣ ಸಿಗಬೇಕು. ಅವರು ಬರೆದು ಕೇಳಲಿ ಅಂತ ಕಾಯಬೇಡಿ.

ಜಾಹೀರಾತನ್ನೂ ತಿದ್ದಬೇಕು. ಯಾವ ಸ್ಲೆಡ್‌ಗೆ ಯಾವ ರಾಜ್ಯದ ನೋಂದಣಿ ಇದೆ, ಯಾವ ಪಾಸ್ ಇದೆ, ವಿಮೆ ಇದೆಯೋ ಇಲ್ಲವೋ, ಇವನ್ನು ದುಡ್ಡು ಕಟ್ಟುವ ಮುಂಚೆ ಗ್ರಾಹಕರಿಗೆ ಬರಹದಲ್ಲಿ ಕೊಡಿ. ಸವಾರಿಯ ದಿನ ಅದರ ಪ್ರತಿ ಗೈಡ್ ಕೈಯಲ್ಲಿರಲಿ. ಗೈಡ್‌ಗಳಿಗೆ ಆ ಮೂರು ದಿನದ ರಿಯಾಯಿತಿ ಯಾವಾಗ ಅನ್ನುವುದನ್ನಾದರೂ ಸರಿಯಾಗಿ ತಿಳಿಸಿ. ನಮ್ಮ ಗೈಡ್ ಒಳ್ಳೆಯ ಹುಡುಗ, ನಮ್ಮನ್ನು ಜೋಪಾನವಾಗಿ ಕರೆದುಕೊಂಡು ಹೋದ. ಅವನ ಸಂಬಳದಲ್ಲಿ ಈ ದಂಡ ಹಿಡಿಯಬೇಡಿ. ತಪ್ಪು ಕಚೇರಿಯಲ್ಲಿ ಆಗಿದೆ.

ರಸೀದಿ, ಎರಡೂ ದಂಡದ ಚೀಟಿ, ಸ್ಲೆಡ್‌ಗಳ ಸ್ಟಿಕ್ಕರ್ ಕಾಣುವ ಫೋಟೋ ಮತ್ತು ನಿಮ್ಮ ಹೊಸ ಜಾಹೀರಾತಿನ ಪ್ರತಿ ಇದರ ಜೊತೆಗಿವೆ. ಈ ಪತ್ರ ತಲುಪಿದ ಎರಡು ವಾರದೊಳಗೆ ಬರಹದಲ್ಲಿ ಉತ್ತರ ಕೊಡಿ. ಉತ್ತರ ಬಾರದಿದ್ದರೆ ನ್ಯೂಜೆರ್ಸಿಯ ಗ್ರಾಹಕ ವ್ಯವಹಾರಗಳ ಇಲಾಖೆಗೆ ದೂರು ಕೊಡುತ್ತೇನೆ, ಕ್ರೆಡಿಟ್ ಕಾರ್ಡ್ ಬ್ಯಾಂಕಿನಲ್ಲೂ ಈ ಪಾವತಿಯನ್ನು ಪ್ರಶ್ನಿಸುತ್ತೇನೆ.

ಇಂತಿ,
ಬುಕಿಂಗ್ ಮಾಡಿದ ಗ್ರಾಹಕ ಮತ್ತು ಕುಟುಂಬ